ಇಂಗ್ಲಿಷ್ ಪದ್ಯಪಾಠದ ಪೂರ್ವೋತ್ತರ

ಹೈಸ್ಕೂಲಿನಲ್ಲಿ ಓದಿದವರನ್ನು ಒಂದು ಇಂಗ್ಲಿಷ್ ಪದ್ಯವನ್ನು ಹೇಳಿರೆಂದು ಕೇಳಿದರೆ, ಅವರಲ್ಲಿ ಅನೇಕರು ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯದಿಂದ ಒಂದೆರಡು ಪಂಕ್ತಿಗಳನ್ನಾದರೂ ಒಪ್ಪಿಸುವರು. ಆ ಹೂವು ಎಂತಹುದೆಂದು ಕೇಳಿದರೆ ಮಾತ್ರ, ಹಳದಿಯ ಹೂವು ಎಂಬುದಕ್ಕಿಂತ ಹೆಚ್ಚಿನ ಉತ್ತರವು ದೊರೆಯುವುದು ದುರ್ಲಭ. ಕಣ್ಣಾರೆ ಕಾಣದ ಹೂವಿನ ಮೇಲಣ ಪದ್ಯವನ್ನು ಬಾಯಿಪಾಠ ಮಾಡಿ, ಕಠಿನ ಪದಗಳಿಗೆ ಅರ್ಥ ಬರೆದು, ತಾತ್ಪರ್ಯವನ್ನು ಮನೆಯಿಂದ ಬರೆದು ತಂದು ಮರುದಿನ ಉಪಾಧ್ಯಾಯರಿಗೆ ತೋರಿಸುವ ಈ ಪದ್ಧತಿಯು ನಮ್ಮ ದೇಶದಲ್ಲಿ ಸುಮಾರು ಎರಡು ಶತಮಾನಗಳಿಂದ ನಡೆದುಬಂದಿದೆ. ಅದು ಎಲ್ಲಿಂದ ಬಂದಿತು, ಅದರಿಂದ ನಮಗಾದ ಲಾಭವೇನು, ನಷ್ಟವೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಇಂಗ್ಲೆಂಡಿನ ಸಂಗತಿಯನ್ನೇ ನೋಡೋಣ. ತಮ್ಮ ಭಾಷೆಯ ಕಾವ್ಯವನ್ನು ಗುರುಮುಖದಿಂದ ಪಾಠ ಹೇಳಿಸಿಕೊಳ್ಳಬೇಕೆಂದು ಇಂಗ್ಲಿಷರು ಬಹುಕಾಲ ಭಾವಿಸಿರಲಿಲ್ಲ. ಅವರ ಗ್ರಾಮರ್ ಸ್ಕೂಲುಗಳಲ್ಲಿ ಪಾಠವೆಂದರೆ ಮುಖ್ಯವಾಗಿ ಲ್ಯಾಟಿನ್. ಎಲಿಜಬೆತ್ ರಾಣಿಗೆ ಗುರುವಾಗಿದ್ದ ರೋಜರ್ ಆಸ್ಕಂ ಎಂಬ ಪಂಡಿತನ ‘ಸ್ಕೂಲ್‌ಮಾಸ್ಟರ್’ ಎಂಬ ಗ್ರಂಥವು ಅವನ ಮರಣಾನಂತರ ೧೫೭೦ರಲ್ಲಿ ಅಚ್ಚಾಯಿತು. ಹುಡುಗನು ಸಿಸೆರೋವಿನ ಒಂದು ಪತ್ರವನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಾನೇ ಭಾಷಾಂತರಿಸಬೇಕು. ಕೆಲವು ಹೊತ್ತು ಕಳೆದ ಮೇಲೆ, ಮೂಲವನ್ನು ನೋಡದೆ, ತನ್ನ ಇಂಗ್ಲಿಷನ್ನು ಪುನಃ ಲ್ಯಾಟಿನ್ನಿಗೆ ತಿರುಗಿಸಬೇಕು. ಆಮೇಲೆ ಗುರುವು ಎರಡನ್ನೂ ಹೋಲಿಸಿ, ಸಿಸೆರೋ ಎಲ್ಲಿ ಹೇಗೆ ಹೇಳಿದ್ದಾನೆಂದು ಮೃದುವಾಗಿ ತೋರಿಸಬೇಕು—ಇದು ಅವನ ಕ್ರಮ. ಹುಡುಗನ ಸ್ವಂತ ವಾಕ್ಯವೇ ಅಲ್ಲಿ ಪಾಠದ ಕೇಂದ್ರ. ಬಹುಕಾಲದ ಮೇಲೆ ಇಂಗ್ಲಿಷ್ ಕಾವ್ಯವು ಪಾಠದ ವಿಷಯವಾದಾಗ, ಲ್ಯಾಟಿನ್ನಿಗೆ ರೂಢಿಯಾಗಿದ್ದ ಪದಚ್ಛೇದ, ವ್ಯಾಕರಣ, ಭಾಷಾಂತರಗಳ ಕ್ರಮವೇ ಅದಕ್ಕೂ ಅಂಟಿಕೊಂಡಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ೧೭೬೨ರಲ್ಲಿ ಹ್ಯೂ ಬ್ಲೇರ್ ಎಂಬಾತನಿಗೆ ಅಲಂಕಾರ ಮತ್ತು ಸಾಹಿತ್ಯಗಳ ಪೀಠವು ದೊರೆಯಿತು. ಲಂಡನ್ನಿನಲ್ಲಿ ೧೮೨೮ರಲ್ಲಿ ಇಂಗ್ಲಿಷ್ ಅಧ್ಯಾಪಕನು ನೇಮಿತನಾದನು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವು ಪ್ರತ್ಯೇಕ ಪದವಿಯ ವಿಷಯವಾದುದು ೧೮೯೪ರಲ್ಲಿ, ಕೇಂಬ್ರಿಡ್ಜಿನಲ್ಲಿ ೧೯೧೭ರಲ್ಲಿ.

ಇಷ್ಟರೊಳಗೆ ಭರತಖಂಡದಲ್ಲಿ ಷೇಕ್ಸ್‌ಪಿಯರನ ಪಾಠವು ಎಷ್ಟೋ ಮುಂದುವರಿದಿತ್ತು! ಕಂಪೆನಿ ಸರಕಾರವು ವಿದ್ಯೆಗಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳನ್ನು ವಿನಿಯೋಗಿಸಬೇಕೆಂದು ೧೮೧೩ರ ಸನ್ನದಿನಲ್ಲಿ ವಿಧಿಸಲ್ಪಟ್ಟಿತು. ಕಲ್ಕತ್ತೆಯ ಗೃಹಸ್ಥರು ತಾವಾಗಿಯೇ ಮುಂದೆ ಬಂದು ೧೮೧೭ರಲ್ಲಿ ಹಿಂದೂ ಕಾಲೇಜನ್ನು ತೆರೆದರು. ತರುಣ ಕವಿಯಾದ ಡಿರೋಜಿಯೋ ೧೮೨೬ರಿಂದ ೧೮೩೧ರವರೆಗೆ ಅಲ್ಲಿ ಪಾಠ ಹೇಳಿದನು. ಆಮೇಲೆ ಬಂದ ಡಿ. ಎಲ್. ರಿಚರ್ಡ್‌ಸನ್ ಎಂಬಾತನು ಷೇಕ್ಸ್‌ಪಿಯರನನ್ನು ಓದಿ ಹೇಳುವುದರಲ್ಲಿ ಪ್ರಸಿದ್ಧನಾಗಿ, ೧೮೪೦ರಲ್ಲಿ ಆಂಗ್ಲ ಕವಿಗಳಿಂದ ಆಯ್ದ ಒಂದು ದೊಡ್ಡ ಸಂಕಲನವನ್ನು ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿದನು. ಮುಂದೆ ವಂಗಭಾಷೆಯಲ್ಲಿ ಮಹಾಕವಿಯೆನಿಸಿದ ಮೈಕೇಲ್ ಮಧುಸೂದನ ದತ್ತನು ಆತನ ಶಿಷ್ಯನು. ೧೮೩೫ರಲ್ಲಿ ಮೆಕಾಲೆಯ ಟಿಪ್ಪಣಿಯೂ ಬೆಂಟಿಂಕನ ನಿರ್ಣಯವೂ ಹೊರಟು, ವಿದ್ಯಾದ್ರವ್ಯವು ಇಂಗ್ಲಿಷಿನ ಕಡೆಗೆ ಹರಿಯಿತು. ೧೮೪೪ರಲ್ಲಿ ಹಾರ್ಡಿಂಜನು, ಸರಕಾರದ ನೌಕರಿಯಲ್ಲಿ ಇಂಗ್ಲಿಷ್ ಕಲಿತವರಿಗೆ ಪ್ರಾಶಸ್ತ್ಯ ಕೊಡತಕ್ಕದ್ದೆಂದು ಗೊತ್ತುಮಾಡಿದನು. ನನ್ನ ಅಭಿಪ್ರಾಯದಲ್ಲಿ ಪದ್ಯಪಾಠದ ಮುಂದಿನ ಹಣೆಬರಹವನ್ನು ಬರೆದುದು ಮೆಕಾಲೆಯ ಟಿಪ್ಪಣಿಗಿಂತ ಹೆಚ್ಚಾಗಿ ಈ ಆಜ್ಞೆಯೇ. ಕಾವ್ಯದಿಂದ ಚಾಕರಿ ದೊರೆಯುವುದೆಂದು ಗೊತ್ತಾದ ಮೇಲೆ, ಕಾವ್ಯವನ್ನು ಕಾವ್ಯಕ್ಕಾಗಿ ಓದುವವರು ಎಷ್ಟು ಮಂದಿ ಉಳಿದಾರು? ೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಅವುಗಳ ಪ್ರವೇಶ ಪರೀಕ್ಷೆಯು ಹೈಸ್ಕೂಲುಗಳ ದಿನನಿತ್ಯದ ಪಾಠವನ್ನು ಆಳತೊಡಗಿತು.

ನಮ್ಮ ನಾಡಿನ ಗತಿಯೂ ಇದೇ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ತೆರೆಯಿಸಿದ ಇಂಗ್ಲಿಷ್ ಶಾಲೆಯು ಕಾಲಕ್ರಮದಲ್ಲಿ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಬೆಂಗಳೂರಿನಲ್ಲಿ ೧೮೫೮ರಲ್ಲಿ ಆರಂಭವಾದ ಹೈಸ್ಕೂಲು ೧೮೭೫ರಲ್ಲಿ ಸೆಂಟ್ರಲ್ ಕಾಲೇಜಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ ಇಲ್ಲಿನ ವಿದ್ಯಾರ್ಥಿಗಳು ಮದರಾಸಿನ ಪರೀಕ್ಷೆಗೇ ಕುಳಿತುಕೊಳ್ಳಬೇಕಾಗಿತ್ತು.

ಇನ್ನು ತರಗತಿಯೊಳಗೆ ಹೋಗೋಣ. ಉಪಾಧ್ಯಾಯರು ಮೊದಲು ಪದ್ಯವನ್ನು ತಾವು ಓದುವರು. ಬಳಿಕ ಹುಡುಗರಿಂದ ಓದಿಸುವರು. ಕಠಿನ ಪದಗಳಿಗೆ ಪರ್ಯಾಯ ಪದಗಳನ್ನು ಕಪ್ಪು ಹಲಗೆಯ ಮೇಲೆ ಬರೆಯುವರು. ಗ್ರೀಕ್ ಪುರಾಣದ ದೇವತೆಯಾಗಲಿ ಬೈಬಲಿನ ಕಥೆಯಾಗಲಿ ನಡುವೆ ಬಂದರೆ ಅದನ್ನು ಬಿಡಿಸಿ ಹೇಳುವರು. ಕರ್ತೃಪದ ಯಾವುದು, ಕ್ರಿಯಾಪದ ಯಾವುದು, ಈ ವಿಶೇಷಣವು ಯಾವುದಕ್ಕೆ ಸೇರಿತು ಎಂದು ಕೇಳುವರು. ಗಂಟೆ ಹೊಡೆಯುವ ಮುಂಚೆ ಮನೆಯ ಕೆಲಸವನ್ನು ಗೊತ್ತುಮಾಡುವರು: ಹತ್ತು ಪದಗಳಿಗೆ ಅರ್ಥ, ಅವುಗಳಲ್ಲಿ ಐದನ್ನು ಉಪಯೋಗಿಸಿ ವಾಕ್ಯಗಳು, ಒಂದು ಪದ್ಯದ ಗದ್ಯಾನುವಾದ, ಇಂತಹ ಪಂಕ್ತಿಯನ್ನು ಯಾರು ಯಾವ ಸಂದರ್ಭದಲ್ಲಿ ಹೇಳಿದರೆಂಬ ವಿವರಣೆ, ಎಂಟು ಪಂಕ್ತಿಗಳ ಬಾಯಿಪಾಠ.

ಪಾಠಶಾಲೆಯಲ್ಲಿ ಓದಿ ಬಂದವನಿಗೆ ಇದರಲ್ಲಿ ಅಪರಿಚಿತವಾದುದು ಬಹಳವಿಲ್ಲ. ನಮ್ಮಲ್ಲಿ ಕಾವ್ಯಪಾಠವು ಪದಚ್ಛೇದದಿಂದ ಆರಂಭವಾಗಿ, ಪದಾರ್ಥ, ವಿಗ್ರಹ, ಅನ್ವಯ, ಆಕ್ಷೇಪ ಸಮಾಧಾನಗಳವರೆಗೆ ನಡೆಯುತ್ತಿತ್ತು. ಖಂಡಾನ್ವಯದಲ್ಲಿ ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಎಂತಹವನು, ಎಲ್ಲಿ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಶ್ಲೋಕವನ್ನು ಬಿಚ್ಚುತ್ತಿದ್ದರು. ಪ್ರಶ್ನೆಗೆ ಉತ್ತರ ಕೊಡದೆ ಶಿಷ್ಯನು ಮುಂದಿನ ಪದಕ್ಕೆ ಹೋಗುವಂತಿರಲಿಲ್ಲ. ಪಾಠಶಾಲೆಗಳಲ್ಲಿ ಗಿಳಿಪಾಠವಿರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ವ್ಯಾಖ್ಯಾನವನ್ನೇ ಉರುಹೊಡೆದು ಒಪ್ಪಿಸಿದವರನ್ನು ನಾನು ಬಲ್ಲೆ. ಆದರೆ ಅರ್ಥವನ್ನು ಹೇಳುವಾಗ ಅವರು ತಮ್ಮ ಮನೆಮಾತಿಗೆ ಬರುತ್ತಿದ್ದರು. ಇಂಗ್ಲಿಷ್ ಪಾಠದಲ್ಲಿ ಅನೇಕ ವೇಳೆ ತಿಳಿಯದ ಇಂಗ್ಲಿಷ್ ಪದಕ್ಕೆ ತಿಳಿಯದ ಇನ್ನೊಂದು ಇಂಗ್ಲಿಷ್ ಪದವೇ ಅರ್ಥವಾಗುತ್ತಿತ್ತು. ಕತ್ತಲೆಯನ್ನು ಕತ್ತಲೆಯಿಂದ ತೊಳೆದಂತಾಯಿತು.

ಈ ಕಷ್ಟಕ್ಕೆ ಅಂಗಡಿಯವರು ಉಪಾಯವನ್ನು ಕಂಡುಕೊಂಡರು. ಪ್ರತಿಯೊಂದು ಪಠ್ಯಕ್ಕೂ ಪದಾರ್ಥ, ಸಾರಾಂಶ, ಸಂಭವನೀಯ ಪ್ರಶ್ನೋತ್ತರಗಳುಳ್ಳ ‘ಕೀ’ ಎಂಬ ಪುಸ್ತಕಗಳು ಹುಟ್ಟಿಕೊಂಡುವು. ನಮ್ಮ ಕಾಲದಲ್ಲಿ ಅವನ್ನು ‘ಗೈಡು’ ಎಂದೆವು. ೧೯೦೨ರ ವಿಶ್ವವಿದ್ಯಾನಿಲಯಗಳ ಕಮಿಷನ್ನಿನವರು ಆಗಲೇ ಈ ಪಿಡುಗನ್ನು ಕಂಡು ಖಂಡಿಸಿದ್ದರು. ಫಲವೇನೂ ಆಗಲಿಲ್ಲ. ಪರೀಕ್ಷಕನಿಗೆ ಬೇಕಾದುದು ತಪ್ಪಿಲ್ಲದ ಸಾರಾಂಶ. ತಪ್ಪಿಲ್ಲದ ಸಾರಾಂಶವು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುತ್ತಿತ್ತು. ಹೀಗೆ ಆಸ್ಕಂ ಪಂಡಿತನ ಕ್ರಮದ ಹೊರಗಿನ ಚಿಪ್ಪು ಉಳಿದು, ಒಳಗಿನ ತಿರುಳಾದ ಹುಡುಗನ ಸ್ವಂತ ವಾಕ್ಯವು ಉದುರಿಹೋಯಿತು.

ಹಾಗೆಂದು ಈ ಪಾಠವೆಲ್ಲ ವ್ಯರ್ಥವಾಯಿತೆನ್ನುವುದು ಕೃತಘ್ನತೆ. ಓದಿದುದನ್ನು ತನ್ನ ಮಾತಿಗೆ ತಿರುಗಿಸಿ ನೋಡುವ ಚಪಲವು ಕೆಲವರಲ್ಲಿ ಬದುಕಿಕೊಂಡಿತು. ಕನ್ನಡಕ್ಕೆ ದೊರೆತ ಲಾಭವೆಲ್ಲ ಅವರಿಂದಲೇ. ಧಾರವಾಡದ ಕಡೆ ವಿದ್ಯಾಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ೧೮೭೧ರಲ್ಲಿ ಷೇಕ್ಸ್‌ಪಿಯರನ ಒಂದು ಪ್ರಹಸನವನ್ನು ಕನ್ನಡಕ್ಕೆ ತಂದರು. ‘ಅಭಿನವ ಕಾಳಿದಾಸ’ರೆಂದು ಬಿರುದು ಪಡೆದ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ‘ಒಥೆಲೊ’ವಿನ ಅರ್ಥವನ್ನು ತಿಳಿಸಿಕೊಡಲು, ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಿಸಿದರು. ಒಬ್ಬರು ಅರ್ಥವನ್ನು ಹೇಳಿ ಇನ್ನೊಬ್ಬರು ಮಾತನ್ನು ಹುಡುಕಿದ ಆ ಬೈಠಕ್ಕಿಗಿಂತ ಒಳ್ಳೆಯ ಪಾಠವನ್ನು ನಾನು ಊಹಿಸಲಾರೆ. ೧೯೧೯ರಲ್ಲಿ ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲಕವಿತಾವಳಿ’ಯು ಹೊರಬಂದಿತು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ಪ್ರಕಟವಾಯಿತು. ಅದರಲ್ಲಿನ ಅನೇಕ ಗೀತಗಳ ಮೂಲವು ಪಾಲ್‌ಗ್ರೇವ್ ಎಂಬಾತನು ೧೮೬೧ರಲ್ಲಿ ಪ್ರಕಟಿಸಿದ ಸಂಕಲನದಲ್ಲಿದೆ. ಅದು ವಿದ್ಯಾರ್ಥಿಗಳ ಕೈಯಲ್ಲಿ ಸವೆದ ಪುಸ್ತಕ. ತರಗತಿಯ ಪದ್ಯವೇ ಆ ಮಹನೀಯರ ಕೈಯಲ್ಲಿ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಬಿಚ್ಚಿ, ಕನ್ನಡಕ್ಕೆ ಹೊಸ ನಡೆಯನ್ನು ಕಲಿಸಿತು. ಕುವೆಂಪುರವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿಯೇ ಪದ್ಯ ಬರೆದು ೧೯೨೨ರಲ್ಲಿ ಪ್ರಕಟಿಸಿದ್ದರು. ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳದಿದ್ದರೆ ಲೇಖನವು ಪ್ರಾಮಾಣಿಕವಾಗದು. ನಾನು ಸಂಸ್ಕೃತೋಪಾಧ್ಯಾಯನಾಗಿದ್ದರೂ, ಇಂಗ್ಲಿಷ್ ಉಪಾಧ್ಯಾಯರಿಲ್ಲದ ಒಂದು ವರ್ಷ ಆ ಪಾಠವು ನನ್ನ ಪಾಲಿಗೆ ಬಂದಿತ್ತು. ಮೇಲೆ ಹೇಳಿದ ಡ್ಯಾಫೊಡಿಲ್ ಪದ್ಯದ ಸಾರಾಂಶವನ್ನು ಮನೆಯಲ್ಲಿ ಬರೆದು ತರಲು ಹೇಳಿದೆ. ಮರುದಿನ ಬಂದ ನಲವತ್ತು ನೋಟುಬುಕ್ಕುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಒಂದೇ ಅಚ್ಚು. ಗೈಡಿನ ಮುದ್ರಣದೋಷವೂ ಕೂಡ ಎಲ್ಲವುಗಳಲ್ಲಿಯೂ ಹಾಗೆಯೇ ಇಳಿದಿತ್ತು. ಒಂದರಲ್ಲಿ ಮಾತ್ರ, ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನು, ಮುರುಕು ಇಂಗ್ಲಿಷಿನಲ್ಲಿ, ಕವಿಯು ಕಂಡುದು ನಮ್ಮ ಹೊಲದಲ್ಲಿ ಹುಚ್ಚೆಳ್ಳು ಹೂಬಿಟ್ಟಾಗ ಗಾಳಿ ಬೀಸಿದ ಹಾಗೆ ಇರಬೇಕು, ನಾನೂ ಬದುವಿನ ಮೇಲೆ ನಿಂತು ನೋಡಿದ್ದೇನೆ, ರಾತ್ರಿ ಮಲಗಿದಾಗ ಅದು ಪುನಃ ಕಾಣುತ್ತದೆ, ಎಂದು ಬರೆದಿದ್ದನು. ನಾನು ಕೆಂಪು ಶಾಯಿಯಿಂದ ಅವನ ಏಳು ವ್ಯಾಕರಣದೋಷಗಳನ್ನು ಗುರುತಿಸಿ, ಹುಚ್ಚೆಳ್ಳಿನ ಮಾತನ್ನು ಅಪ್ರಸ್ತುತವೆಂದು ಹೊಡೆದುಹಾಕಿ, ಹತ್ತಕ್ಕೆ ಮೂರು ಅಂಕಗಳನ್ನು ಕೊಟ್ಟೆ. ಗೈಡಿನಿಂದ ಇಳಿಸಿದವರಿಗೆ ಏಳು ಬಂದುವು. ಮುಂದಿನ ವಾರ ಅವನ ನೋಟುಬುಕ್ಕಿನಲ್ಲಿಯೂ ಗೈಡಿನ ಸಾರಾಂಶವೇ ಬಂದಿತು. ಅವನಿಗೂ ಏಳು ಅಂಕಗಳು ಬಂದುವು.

ವರ್ಡ್ಸ್‌ವರ್ತನ ತಂಗಿ ಡೊರೋಥಿಯು ೧೮೦೨ನೆಯ ಏಪ್ರಿಲ್ ೧೫ರಂದು ಆಲ್ಸ್‌ವಾಟರ್ ಸರೋವರದ ದಡದಲ್ಲಿ ಅಣ್ಣನೊಡನೆ ನಡೆಯುವಾಗ ಕಂಡ ಆ ಹೂಗಳನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳೆಂದೂ, ಪದ್ಯವು ಅಚ್ಚಾದುದು ೧೮೦೭ರಲ್ಲಿ ಎಂದೂ ನಾನು ಅನಂತರ ಓದಿ ತಿಳಿದೆ. ಕಂಡುದು ಕಾಲಾಂತರದಲ್ಲಿ ಮನಸ್ಸಿನೊಳಗೆ ಮರಳಿ ಕಾಣುವುದೇ ಆ ಪದ್ಯದ ಜೀವಾಳ. ನನ್ನ ತರಗತಿಯಲ್ಲಿ ಅದನ್ನು ಮುಟ್ಟಿದವನು ಆ ಹುಡುಗನೊಬ್ಬನೇ; ಅದನ್ನು ಅಳಿಸಿದವನು ನಾನು.

ಈಗ ಅಂಗಡಿಯ ಗೈಡನ್ನು ಕೊಳ್ಳಬೇಕಾದ ಶ್ರಮವೂ ಉಳಿದಿಲ್ಲ. ಕೈಯಲ್ಲಿರುವ ಫೋನಿಗೆ ಪ್ರಶ್ನೆಯನ್ನು ಹಾಕಿದರೆ, ದೋಷವಿಲ್ಲದ ಸಾರಾಂಶವು ನಿಮಿಷದೊಳಗೆ ಸಿದ್ಧವಾಗುವುದು. ಇದನ್ನು ಕಂಡು ಹಿರಿಯರು ಹುಡುಗರನ್ನು ನಿಂದಿಸುತ್ತಾರೆ. ನೂರು ವರ್ಷಗಳಿಗೂ ಮಿಕ್ಕಿ ನಾವು ಅಂಕಗಳನ್ನು ಕೊಟ್ಟುದು ಇಂತಹ ಸಾರಾಂಶಕ್ಕೇ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಮಕ್ಕಳು ಇಂಗ್ಲಿಷ್ ಪದ್ಯವನ್ನು ಹಿಡಿದು ಕುಳಿತಾಗ ತಂದೆತಾಯಿಗಳು ಅದರ ಅರ್ಥವನ್ನು ಕನ್ನಡದಲ್ಲಿ, ಅವರದೇ ಮಾತಿನಲ್ಲಿ, ಒಂದು ಸಲ ಕೇಳಲಿ. ಉಪಾಧ್ಯಾಯರು ತಪ್ಪಿರುವ ಸ್ವಂತ ವಾಕ್ಯಕ್ಕೆ ತಪ್ಪಿಲ್ಲದ ಎರವಲು ವಾಕ್ಯಕ್ಕಿಂತ ಒಂದು ಅಂಕವನ್ನಾದರೂ ಹೆಚ್ಚಾಗಿ ಕೊಡಲಿ. ಕಾರ್ತಿಕದ ದಿನಗಳಲ್ಲಿ ಹುಚ್ಚೆಳ್ಳಿನ ಹೊಲದ ಪಕ್ಕದಲ್ಲಿ ಹೋಗುವಾಗಲೆಲ್ಲ ನನಗೆ ಆ ಮೂರು ಅಂಕಗಳು ನೆನಪಿಗೆ ಬರುತ್ತವೆ.