ಅಶೋಕನ ಅಡುಗೆಮನೆ

ಮಾಂಸಾಹಾರ ಬಿಡಬೇಕೆ ಬೇಡವೆ ಎಂಬ ತೊಳಲಾಟ ಇಂದು ನಿನ್ನೆಯದಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲೇ ಮೌರ್ಯ ಚಕ್ರವರ್ತಿ ಅಶೋಕ ಅದನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಗಿರ್ನಾರ್ ಮೊದಲಾದೆಡೆ ಇರುವ ಮೊದಲನೆಯ ಬಂಡೆಶಾಸನದ ಪ್ರಕಾರ, ಹಿಂದೆ ಅರಮನೆಯ ಅಡುಗೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲಲಾಗುತ್ತಿತ್ತು. ಶಾಸನ ಬರೆಸುವ ಹೊತ್ತಿಗೆ ಉಳಿದದ್ದು ಮೂರೇ: ಎರಡು ನವಿಲು, ಒಂದು ಜಿಂಕೆ; ಜಿಂಕೆಯೂ ನಿತ್ಯವಲ್ಲ. ಮುಂದೆ ಇವನ್ನೂ ಕೊಲ್ಲುವುದಿಲ್ಲವೆಂದು ಅರಸ ಮಾತು ಕೊಡುತ್ತಾನೆ. ಲಕ್ಷದ ಲೆಕ್ಕ ಉತ್ಪ್ರೇಕ್ಷೆಯಿರಬಹುದು. ಮೂರರ ಲೆಕ್ಕದಲ್ಲಿ ಮುಚ್ಚುಮರೆಯಿಲ್ಲ.

ಪ್ರಜೆಗಳ ಊಟದ ವಿಚಾರದಲ್ಲಿ ಅವನು ಇನ್ನೂ ಎಚ್ಚರ ವಹಿಸಿದ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಸಿದ 5ನೆಯ ಸ್ತಂಭಶಾಸನ ಗಿಳಿ, ಮೈನಾ, ಹಂಸ, ಆಮೆ ಮುಂತಾದವುಗಳ ವಧೆಯನ್ನು ನಿಷೇಧಿಸುತ್ತದೆ. ಗಬ್ಬವಾದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಗಳಿಗೂ ಆರು ತಿಂಗಳೊಳಗಿನ ಮರಿಗಳಿಗೂ ರಕ್ಷಣೆ ಕೊಡುತ್ತದೆ. ಗೊತ್ತುಪಡಿಸಿದ ದಿನಗಳಲ್ಲಿ ಮೀನು ಮಾರಬಾರದು ಎನ್ನುತ್ತದೆ. ಆದರೆ ಮಾಂಸಾಹಾರವನ್ನೇ ನಿಷೇಧಿಸುವುದಿಲ್ಲ.

ಮರುವರ್ಷದ 7ನೆಯ ಸ್ತಂಭಶಾಸನದಲ್ಲಿ ಅನುಭವದ ಮಾತೊಂದಿದೆ. ಪ್ರಾಣಿವಧೆ ತಡೆಯಲು ತಾನು ಕಟ್ಟಳೆಗಳನ್ನು ಮಾಡಿದ್ದುಂಟು, ಆದರೆ ಅವುಗಳಿಗಿಂತ ಹೆಚ್ಚು ಫಲ ನೀಡಿದ್ದು ಮನವೊಲಿಕೆ ಎಂದು ಅಶೋಕ ಹೇಳುತ್ತಾನೆ. ಮೂರು ಪ್ರಾಣಿಗಳನ್ನು ಬಿಡಲು ತನಗೇ ಕಾಲಾವಕಾಶ ಬೇಕಾಗಿದ್ದ ಅರಸನಿಗೆ ಈ ಸತ್ಯ ಚೆನ್ನಾಗಿ ತಿಳಿದಿದ್ದಿರಬೇಕು.