ವೆಲ್ಲಿಂಗ್ಟನ್ನನ ಎತ್ತು ಹೊಡೆದವರು ಯಾರು?

ಕಡಕೊಳದ ಸ್ಕೂಲಲ್ಲಾಗಲಿ, ಬೇರೆಲ್ಲೇ ಆಗಲಿ, ನಮ್ಮ ಮಕ್ಕಳು ಉರು ಹೊಡೆಯೋದು ಒಂದೇ ಸಾಲು: 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ವೆಲ್ಲಿಂಗ್ಟನ್. ಆತ ದಂಡು ನಡೆಸೋದನ್ನು ಕಲಿತದ್ದು ಈ ಮೈಸೂರು ಸೀಮೆಯಲ್ಲೇ ಅನ್ನೋದನ್ನ ಯಾರೂ ಹೇಳೋದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ದಂಡು ನುಗ್ಗಿಸಿದವನು ಬೇರ್ಡ್. ಪಟ್ಟಣದ ಅಧಿಕಾರ ಸಿಕ್ಕಿದ್ದು ಮಾತ್ರ ಆರ್ಥರ್ ವೆಲ್ಲೆಸ್ಲಿಗೆ. ಯಾಕೆ? ಅವನು ಐರ್ಲೆಂಡಿನ ಶ್ರೀಮಂತ ಮನೆತನದ ಕುಡಿ, ಗವರ್ನರ್ ಜನರಲ್ಲನ ತಮ್ಮ. ಹುಟ್ಟು ನೋಡಿ ಮಣೆ ಹಾಕೋದು ನಮ್ಮಲ್ಲಷ್ಟೇ ಅಲ್ಲ ನೋಡಿ.

ತನಗೆ ತಲೆಬಾಗದವರನ್ನು ಅವನು ಬಿಡಲಿಲ್ಲ. 1800ರಲ್ಲಿ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ. 1802ರಲ್ಲಿ ಬಲಂ ಸೀಮೆಯ ಪಾಳೆಯಗಾರನನ್ನು ಹಿಡಿದು ನೇಣಿಗೆ ಹಾಕಿದರು.

ಈ ದಂಡು ನಡೆದದ್ದು ಎತ್ತಿನ ಕಾಲ ಮೇಲೆ. ಹೊಟ್ಟೆಗೆ ಅಕ್ಕಿ, ತೋಪಿಗೆ ಮದ್ದುಗುಂಡು, ಎಲ್ಲ ಎಳೆದದ್ದು ಎತ್ತು. ಮೈಸೂರಿನ ಅಮೃತಮಹಲ್ ತಳಿಯನ್ನು ವೆಲ್ಲೆಸ್ಲಿ ಮೆಚ್ಚಿಕೊಂಡ. ಅವನ ಕಾಗದಗಳ ತುಂಬ ಎತ್ತಿನ ಚಿಂತೆಯೇ. ಎತ್ತು ಹೊಡೆದವರು, ಹುಲ್ಲು ಕೊಯ್ದವರು, ಚರ್ಮದ ಮಿಣಿ ಹೊಲಿದವರು? ಅವರ ಹೆಸರು ನಮ್ಮ ಪಾಠದ ಪುಸ್ತಕದಲ್ಲಿಲ್ಲ.

1828ರಲ್ಲಿ ಇವನೇ ಇಂಗ್ಲೆಂಡಿನ ಪ್ರಧಾನಿಯಾದ. 1830ರಲ್ಲಿ ಅಲ್ಲಿನ ಜನ ಓಟಿನ ಹಕ್ಕು ಕೇಳಿದಾಗ, ಇರುವ ವ್ಯವಸ್ಥೆಯೇ ಸಾಕು ಅಂದ. ಅದೇ ತಿಂಗಳು ಅವನ ಸರ್ಕಾರ ಬಿತ್ತು.

ಮೇಷ್ಟ್ರೇ, ವಾಟರ್ಲೂ ಪಾಠ ಮಾಡಿ, ಬೇಡ ಅನ್ನೋಲ್ಲ. ಜೊತೆಗೆ ಒಂದು ಪ್ರಶ್ನೆ ಕೇಳಿ: ಆ ಎತ್ತು ಹೊಡೆದವರು ಯಾರ ತಾತಂದಿರು?