ಯಮುನೆಯಾಚೆಯ ಗೆಲುವು

ನಮ್ಮ ಸಂಘದ ಹಿರಿಯರಲ್ಲಿ ಕ್ರಿಕೆಟ್ಟಿನ ಮಾತು ಬಂದಿತೆಂದರೆ ಅದು ಕೊನೆಗೆ ಬಂದು ನಿಲ್ಲುವುದು ಕೋಟ್ಲಾ ಮೈದಾನದಲ್ಲಿಯೇ. 1982ರ ರಣಜಿ ಅಂತಿಮ ಪಂದ್ಯದಲ್ಲಿ ಕರ್ನಾಟಕವು 705 ರನ್ನುಗಳನ್ನು ಪೇರಿಸಿಯೂ ಸೋತ ವೃತ್ತಾಂತವನ್ನು ನಾವು ಅದೆಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಇದೇ ರಾಜಧಾನಿಯ ಮಗ್ಗುಲಲ್ಲಿ, ಯಮುನೆಯನ್ನು ದಾಟಿದರೆ ಸಿಗುವ ಮೋಹನನಗರದಲ್ಲಿ, ಅದಕ್ಕೆ ನಾಲ್ಕು ವರ್ಷ ಮೊದಲು ಕರ್ನಾಟಕವು ರಣಜಿ ಪಾರಿತೋಷಕವನ್ನು ಗೆದ್ದುಕೊಂಡಿತೆಂಬುದನ್ನು ಯಾರೂ ಎತ್ತುವುದಿಲ್ಲ. ಸೋಲನ್ನು ನೆನೆದಷ್ಟು ಗೆಲುವನ್ನು ನೆನೆಯದಿರುವುದು ನಮ್ಮ ಜನದ ಸ್ವಭಾವವೋ ಏನೋ!

ಈ ಗೆಲುವಿನ ತೂಕವು ತಿಳಿಯಬೇಕಾದರೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಆಟವು 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು ತಂಡವು ಒಂದೇ ದಿನದೊಳಗೆ ಸೋತು ಕೈತೊಳೆದುಕೊಂಡಿತು. ಆಮೇಲೆ 1941–42ರಲ್ಲಿ ಒಮ್ಮೆ, 1959–60ರಲ್ಲಿ ಇನ್ನೊಮ್ಮೆ ಅಂತಿಮ ಹಂತವನ್ನು ಮುಟ್ಟಿ, ಎರಡು ಸಲವೂ ಮುಂಬಯಿಗೆ ತಲೆಬಾಗಿತು. ಆ ಮುಂಬಯಿಯೋ, 1958–59ರಿಂದ ಹದಿನೈದು ವರ್ಷ ಒಂದೇ ಸಮನೆ ಪಾರಿತೋಷಕವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

1973ರ ನವೆಂಬರ್ ಒಂದರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೆಸರು ಬದಲಾದ ಆ ಸಾಲಿನಲ್ಲಿಯೇ, 1974ರ ಮಾರ್ಚಿಯಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು 385 ರನ್ನು ಗಳಿಸಿ, ಮುಂಬಯಿಯನ್ನು 307ಕ್ಕೆ ಕಟ್ಟಿಹಾಕಿತು. ವಿಶ್ವನಾಥರದು 162, ಬ್ರಿಜೇಶ್ ಪಟೇಲರದು 106. ಆ ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿದ್ದಾಯಿತು. ತಂಡದ ನಾಯಕರು ಎರ್ರಪಳ್ಳಿ ಪ್ರಸನ್ನ. ಇವರು ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನ ವ್ಯಾಸಂಗವನ್ನು ಮುಗಿಸುವುದಕ್ಕಾಗಿ ಕೆಲವು ವರ್ಷ ಟೆಸ್ಟ್ ಆಟವನ್ನೇ ಬಿಟ್ಟುಕೊಟ್ಟಿದ್ದವರು. ನಮ್ಮ ಮಕ್ಕಳ ತಾಯಂದಿರು ಈ ಸಂಗತಿಯನ್ನು ಗಮನಿಸಬೇಕು.

ದಿಲ್ಲಿಯಲ್ಲಿದ್ದ ಕನ್ನಡಿಗರಿಗೆ ಇದು ಬರಿಯ ಆಟದ ಸುದ್ದಿಯಾಗಿರಲಿಲ್ಲ. ಇಲ್ಲಿಯ ನೆರೆಹೊರೆಯವರಿಗೆ ವಿಂಧ್ಯದಿಂದ ದಕ್ಷಿಣಕ್ಕೆ ಇರುವವರೆಲ್ಲರೂ 'ಮದ್ರಾಸಿ'ಗಳೇ. ನೀವು ಧಾರವಾಡದವರಾಗಿರಿ, ಉಡುಪಿಯವರಾಗಿರಿ, ಬಾಗಿಲಿಗೆ ಬಂದ ಹಾಲಿನವನು ಕರೆಯುವುದು ಒಂದೇ ಹೆಸರಿನಿಂದ. 'ಕರ್ನಾಟಕ' ಎಂದರೆ ಅದು ಎಲ್ಲಿದೆಯೆಂದು ಕೇಳುತ್ತಿದ್ದ ಕಛೇರಿಯ ಗೆಳೆಯರು, ಪತ್ರಿಕೆಯ ಆಟದ ಪುಟದಲ್ಲಿ ಆ ಹೆಸರನ್ನು ಕಂಡ ಮೇಲೆ, ಚಹದ ಹೊತ್ತಿನಲ್ಲಿ ತಾವಾಗಿ ಅದನ್ನು ಉಚ್ಚರಿಸತೊಡಗಿದರೆಂದು ಹಿರಿಯರೊಬ್ಬರು ನಮ್ಮೊಡನೆ ಹೇಳಿದ್ದುಂಟು. ಸರಕಾರದ ಗೆಜೆಟ್ಟು ಮಾಡಲಾರದ ಕೆಲಸವನ್ನು ಚಂದ್ರಶೇಖರರ ಬಲಗೈ ಮಾಡಿತು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸಣ್ಣಗಾಗಿದ್ದ ಕೈ ಅದು!

ಇನ್ನು ಮೋಹನನಗರಕ್ಕೆ ಬರೋಣ. 1977–78ರ ಸಾಲಿನಲ್ಲಿ ಕರ್ನಾಟಕಕ್ಕೆ ಅಂತಿಮ ಪಂದ್ಯದಲ್ಲಿ ಎದುರಾದದ್ದು ಉತ್ತರ ಪ್ರದೇಶ. ಆಟವು ಏರ್ಪಟ್ಟಿದ್ದು ಗಾಜಿಯಾಬಾದಿಗೆ ಸೇರಿದ ಮೋಹನನಗರದಲ್ಲಿ, ಮೋಹನ್ ಮೀಕಿನ್ ಕಾರ್ಖಾನೆಯ ಊರಿನಲ್ಲಿ. (ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿತ್ತೆಂಬುದನ್ನು ಸ್ಮರಣ ಸಂಚಿಕೆಯಲ್ಲಿ ವಿಸ್ತರಿಸಬೇಕಾಗಿಲ್ಲ.) ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಬ್ರಿಜೇಶ್ ಪಟೇಲ್ ಇವರೆಲ್ಲರೂ ಅದೇ ಸಾಲಿನಲ್ಲಿ ಆಸ್ಟ್ರೇಲಿಯಾ ಪ್ರವಾಸವನ್ನು ಮುಗಿಸಿಕೊಂಡು ಬಂದಿದ್ದವರು.

ಆ ಪಂದ್ಯದ ಕಥೆಯೆಂದರೆ ಇಬ್ಬರ ಕಥೆ. ಉತ್ತರ ಪ್ರದೇಶದ ಎಡಗೈ ಸ್ಪಿನ್ನರ್ ರಾಜಿಂದರ್ ಹನ್ಸ್ ಒಂದೇ ಇನ್ನಿಂಗ್ಸಿನಲ್ಲಿ 152 ರನ್ನುಗಳಿಗೆ ಒಂಬತ್ತು ಮಂದಿ ಕರ್ನಾಟಕದವರನ್ನು ಹಿಂದಿರುಗಿಸಿದರು. ಒಂಬತ್ತು ವಿಕೆಟ್ ಕಿತ್ತ ಬೌಲರನ ಪಕ್ಷವು ಸಾಮಾನ್ಯವಾಗಿ ಗೆಲ್ಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಏಕೆಂದರೆ ಭದ್ರಾವತಿಯಲ್ಲಿ ಹುಟ್ಟಿದ, ಆಳೆತ್ತರಕ್ಕೂ ತುಸು ಕಡಮೆಯೇ ಆದ ಗುಂಡಪ್ಪ ವಿಶ್ವನಾಥರು ಒಬ್ಬರೇ 247 ರನ್ನು ಹೊಡೆದರು. 1967ರಲ್ಲಿ ಆಂಧ್ರದೆದುರು ಆಡಿದ ತಮ್ಮ ಮೊದಲನೆಯ ರಣಜಿ ಪಂದ್ಯದಲ್ಲಿಯೇ 230 ಗಳಿಸಿದ್ದ ಅವರ ಜೀವಮಾನದ ಅತ್ಯಧಿಕ ಮೊತ್ತವು ಮೋಹನನಗರದ ಈ 247 ಆಗಿಯೇ ಉಳಿಯಿತು. ಕರ್ನಾಟಕವು ಒಂದು ಇನ್ನಿಂಗ್ಸ್ ಮತ್ತು 193 ರನ್ನುಗಳಿಂದ ಗೆದ್ದಿತು. ವಿಶ್ವನಾಥರು ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರೆಂಬುದನ್ನು, ಬ್ಯಾಂಕಿನ ಗುಮಾಸ್ತರಾದ ನಾವು ತುಸು ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇವೆ.

ಮರುವರ್ಷ ದಿಲ್ಲಿಯು ಬೆಂಗಳೂರಿಗೇ ಬಂದು ನಮ್ಮನ್ನು ಸೋಲಿಸಿ ಪಾರಿತೋಷಕವನ್ನು ಒಯ್ದಿತು. ಆಮೇಲಿನದು ಕೋಟ್ಲಾ. 705ರ ಬೆನ್ನಟ್ಟಿದ ದಿಲ್ಲಿಯ ಪರವಾಗಿ ಮೋಹಿಂದರ್ ಅಮರನಾಥ್ 185 ಗಳಿಸಿದರೂ, 589ಕ್ಕೆ ಎಂಟನೆಯ ವಿಕೆಟ್ ಬಿದ್ದಾಗ ಇನ್ನು ನಮ್ಮದೇ ಎಂದು ಕನ್ನಡಿಗರು ನಂಬಿದ್ದರು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬಿಬ್ಬರು ಕದಲದೆ ನಿಂತು 118 ರನ್ನು ಸೇರಿಸಿದರು, ದಿಲ್ಲಿ 707. ಎರಡು ರನ್ನಿನ ಅಂತರ! ನೆನಪಿನಿಂದ ಮಾಸದಿರುವುದು ಸಹಜವೇ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ದಿಲ್ಲಿಗೆ ಚಪ್ಪಾಳೆ ತಟ್ಟಿ, ತಂದೆಯವರು ಮುಖ ಗಂಟಿಕ್ಕಿಕೊಂಡ ಮನೆಗಳೂ ಇದ್ದುವಂತೆ. ಆ ಮಕ್ಕಳ ಮೇಲೆ ನಮಗೆ ಕೋಪವಿಲ್ಲ. ಹುಟ್ಟಿದ ಊರನ್ನು ಮೆಚ್ಚುವುದು ತಪ್ಪಲ್ಲ. ಆದರೆ ಅವರಿಗೆ ಮೋಹನನಗರದ ಕಥೆಯನ್ನು ಹೇಳದೆ ಬಿಟ್ಟವರು ನಾವು. ಮುಂದಿನ ಸಾಲಿನಲ್ಲಿ, 1982–83ರಲ್ಲಿ, ಕರ್ನಾಟಕವು ಮುಂಬಯಿಯನ್ನು ಮುಂಬಯಿಯಲ್ಲಿಯೇ ಹದಿನೇಳು ರನ್ನುಗಳ ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿ ಮತ್ತೆ ಗೆದ್ದಿತೆಂಬುದನ್ನೂ ಹೇಳಬೇಕು.

2019ರಿಂದ ಮೋಹನನಗರಕ್ಕೆ ಮೆಟ್ರೋ ರೈಲು ಹೋಗುತ್ತದೆ. 1978ರಲ್ಲಿ ಅಲ್ಲಿಗೆ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು ಹೋಗಿ ವಿಶ್ವನಾಥರ ಆಟವನ್ನು ಕಣ್ಣಾರೆ ಕಂಡ ಸದಸ್ಯರು ನಮ್ಮ ನಡುವೆ ಯಾರಾದರೂ ಇದ್ದರೆ, ದಯಮಾಡಿ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಮುಂದಿನ ಸಂಚಿಕೆಗೆ ಅವರ ಮಾತುಗಳನ್ನು ನಾವೇ ಮನೆಗೆ ಬಂದು ಬರೆದುಕೊಳ್ಳುತ್ತೇವೆ.